ಹತ್ತನೆಯ ಸಲ ಕೇಳಿದ ಮೇಲೆ



2024ರ ಚಳಿಗಾಲ. ಒಂದು ಬೆಳಿಗ್ಗೆ ನಾನಿನ್ನೂ ಹಲ್ಲುಜ್ಜಿರಲಿಲ್ಲ, ಫೋನ್ ಬಂತು. ಆ ಕಡೆ ನನ್ನ ಹಳೆಯ ಗೆಳೆಯ. ಬ್ಯಾಂಕಿನಿಂದ ನಿವೃತ್ತನಾದವನು. ಹಲೋ ಇಲ್ಲ, ಹೇಗಿದ್ದೀಯ ಎನ್ನುವುದಿಲ್ಲ. ನೇರವಾಗಿ ಕೇಳಿದ.

"ಕೇಳಿದ್ಯೇನೋ?"

ಏನನ್ನು ಎಂದು ನಾನು ವಿಚಾರಿಸಲಿಲ್ಲ. ಆ ದನಿಯಲ್ಲಿ ಅವನು ಕೇಳುವುದು ಒಂದೇ ವಿಷಯಕ್ಕೆ. ಇಳಯರಾಜರ ಹೊಸ ಹಾಡು ಬಂದಿತ್ತು.

"ಇನ್ನೂ ಇಲ್ಲ ಕಣೋ" ಎಂದೆ.

"ಕೇಳ್ಬೇಡ ಬಿಡು. ಕಛೇರಿ ಕಂಠ ತಂದು ಪ್ರೇಮಗೀತೆ ಹಾಡ್ಸಿದಾರೆ. ಇದು ಮುಗೀತಿದ್ದ ಹಾಗೇ ತನಿ ಆವರ್ತನ ಶುರುವಾಗುತ್ತೇನೋ ಅಂತ ಕಾಯ್ತಾ ಕೂತಿದ್ದೆ."

ಫೋನ್ ಇಟ್ಟೆ. ಒಳಗಿನ ಕೋಣೆಯಲ್ಲಿ ಮಗಳು ಅದೇ ಹಾಡು ಹಾಕಿಕೊಂಡಿದ್ದಳು. "ಅಪ್ಪಾ, ಎಷ್ಟು ತಣ್ಣಗಿದೆ ನೋಡಿ" ಎಂದಳು. ಮಧ್ಯಾಹ್ನ ಒಬ್ಬ ಹುಡುಗ ಸಿಕ್ಕಿದ. ನಾನು ಮೊದಲು ಕೆಲಸ ಮಾಡುತ್ತಿದ್ದ ಕಡೆಯವನು. ಅವನ ಮಾತು ಇನ್ನೊಂದು ತೂಕದ್ದು. "ಸಾರ್, ರಾಜಾ ಸಾರ್ ವಾಪಸ್ ಬಂದ್ಬಿಟ್ರು ಸಾರ್!"

ಒಂದೇ ಹಾಡು. ಒಂದೇ ದಿನ. ಮೂರು ತೀರ್ಪು. ಮೂವರೂ ಆ ಹಾಡನ್ನು ಒಂದು ಸಲ ಕೇಳಿದ್ದರು. ಹೆಚ್ಚೆಂದರೆ ಎರಡು ಸಲ.

ಇವತ್ತು ನಾನು ಮಾತಾಡಬೇಕೆಂದಿರುವುದು ಇದೊಂದೇ ವಿಷಯ. ಮೊದಲ ಸಲ ಕೇಳುವುದಕ್ಕೂ ಹತ್ತನೆಯ ಸಲ ಕೇಳುವುದಕ್ಕೂ ನಡುವೆ ಏನು ನಡೆಯುತ್ತದೆ? ಆಕಾಶವಾಣಿಯವರು ನನಗೆ ಇಪ್ಪತ್ತೈದು ನಿಮಿಷ ಕೊಟ್ಟಿದ್ದಾರೆ. ಇಳಯರಾಜರ ಐದು ಹಾಡಿನಷ್ಟು ಹೊತ್ತು. ನಾನು ಹಾಡುವುದಿಲ್ಲ, ಹೆದರಬೇಡಿ.

ಮೊದಲು ಆ ಹಾಡು ಯಾವುದು ಎಂದು ಹೇಳಿಬಿಡುತ್ತೇನೆ. ವೆಟ್ರಿಮಾರನ್ ನಿರ್ದೇಶನದ ತಮಿಳು ಚಿತ್ರ 'ವಿಡುದಲೈ', ಎರಡನೆಯ ಭಾಗ. ಅದರ ಯುಗಳಗೀತೆ 'ಮನಸುಲ'. ಹಾಡಿದವರು ಇಬ್ಬರು. ಒಬ್ಬರು ಸಂಜಯ್ ಸುಬ್ರಹ್ಮಣ್ಯನ್. ಕರ್ನಾಟಕ ಸಂಗೀತದ ದೊಡ್ಡ ಹೆಸರು. ಸಭೆಗಳಲ್ಲಿ ಮೂರು ಗಂಟೆ ಕೂತು ಹಾಡುವವರು. ಇನ್ನೊಬ್ಬರು ನಮ್ಮ ಮೈಸೂರಿನ ಅನನ್ಯಾ ಭಟ್. ಮಾದಪ್ಪನ ಮೇಲಿನ 'ಸೋಜುಗದ ಸೂಜುಮಲ್ಲಿಗೆ' ಅಂದರೆ ನಿಮಗೆ ಕೂಡಲೇ ಆ ದನಿ ಕಿವಿಗೆ ಬರುತ್ತದೆ. ಈ ಚಿತ್ರದ ಮೊದಲ ಭಾಗ 2023ರಲ್ಲಿ ಬಂದಾಗಲೂ ಅವರು ಹಾಡಿದ್ದರು. ಆಗ ಜೊತೆಗಿದ್ದವರು ನಟ ಧನುಷ್. ಹಾಡು ಕಟ್ಟಿದ ಇಳಯರಾಜರಿಗೆ ಈಗ ಎಂಬತ್ತು ದಾಟಿದೆ. ಸಾವಿರ ಚಿತ್ರಗಳ ಆಚೆ ಹೋಗಿದ್ದಾರೆ. 2025ರ ಮಾರ್ಚ್ ತಿಂಗಳಲ್ಲಿ ಲಂಡನ್ನಿಗೆ ಹೋಗಿ ತಮ್ಮ ಸಿಂಫನಿ ನುಡಿಸಿಸಿ ಬಂದರು. ಎಂಬತ್ತು ದಾಟಿದ ನಮ್ಮ ಬೀದಿಯ ಹಿರಿಯರೊಬ್ಬರು ಮೂಲೆ ಅಂಗಡಿಗೆ ಹಾಲು ತರಲು ಹೊರಟರೆ ಮನೆಯವರು ಗೇಟಿನವರೆಗೆ ಬರುತ್ತಾರೆ. ಆ ಮಾತು ಬೇರೆ.

ಈಗ ನೋಡಿ. ನನ್ನ ಗೆಳೆಯನಿಗೆ ಹಾಡು ಹಿಡಿಸಲಿಲ್ಲ. ಮಗಳಿಗೆ ಹಿಡಿಸಿತು. ಆ ಹುಡುಗನಿಗೆ ತಲೆಗೇ ಏರಿತು. ಯಾರು ಸರಿ? ಮೂವರೂ ಅವಸರಪಟ್ಟರು ಎಂದು ನನ್ನ ಎಣಿಕೆ. ಯಾಕೆ ಅವಸರ ಎನ್ನುತ್ತೇನೆ, ಕೇಳಿ.

ಸಿನಿಮಾ ಹಾಡು ಸುಮಾರು ನಾಲ್ಕೂವರೆ ನಿಮಿಷ ಇರುತ್ತದೆ ಎಂದುಕೊಳ್ಳಿ. ಅದರಲ್ಲಿ ಗಾಯಕರು ಹಾಡುವುದು ಮೂರು ನಿಮಿಷ. ಉಳಿದದ್ದು ವಾದ್ಯಗಳದ್ದು. ಪಲ್ಲವಿ ಮುಗಿದು ಮೊದಲ ಚರಣ ಬರುವ ತನಕ ಒಂದು ತುಂಡು ಸಂಗೀತ. ಮೊದಲ ಚರಣ ಮುಗಿದು ಎರಡನೆಯದು ಬರುವ ತನಕ ಇನ್ನೊಂದು ತುಂಡು. ಅಭಿಮಾನಿಗಳು ಇದನ್ನು ಇಂಟರ್‌ಲ್ಯೂಡ್ ಎನ್ನುತ್ತಾರೆ. ಎಷ್ಟೋ ಹಾಡುಗಳಲ್ಲಿ ಮೊದಲ ತುಂಡನ್ನೇ ಎರಡನೆಯ ಕಡೆಯೂ ಇಟ್ಟಿರುತ್ತಾರೆ. ಕೆಲಸ ಹಗುರ. ಇಳಯರಾಜರು ಸಾಮಾನ್ಯವಾಗಿ ಹಾಗೆ ಮಾಡುವವರಲ್ಲ. ಮೊದಲನೆಯದು ಪಿಟೀಲುಗಳದ್ದಾದರೆ ಎರಡನೆಯದು ಕೊಳಲಿನದ್ದು. ಒಂದು ಚರ್ಚಿನಿಂದ ಎದ್ದು ಬಂದ ಹಾಗಿದ್ದರೆ ಇನ್ನೊಂದು ಹೊಲದ ಬದುವಿನಿಂದ. ಅಂದರೆ ಒಂದು ಹಾಡಿನೊಳಗೆ ಮೂರು ನಾಲ್ಕು ಸಣ್ಣ ರಚನೆಗಳು ಅಡಗಿರುತ್ತವೆ.

ಇದಷ್ಟೇ ಅಲ್ಲ. ಕೆಳಗಡೆ ಬೇಸ್ ಗಿಟಾರ್ ಇರುತ್ತದೆ. ಅದು ಸುಮ್ಮನೆ ತಾಳ ಹಿಡಿದು ಕೂರುವುದಿಲ್ಲ. ಅದಕ್ಕೂ ಒಂದು ರಾಗವಿದೆ, ಒಂದು ನಡೆಯಿದೆ. ಗಾಯಕಿ ಮೇಲೆ ಹತ್ತುವಾಗ ಅದು ಕೆಳಗೆ ಇಳಿಯುತ್ತದೆ. ಎರಡು ಹಾಡು ಒಟ್ಟಿಗೆ ನಡೆಯುತ್ತಿರುತ್ತವೆ, ಒಂದಕ್ಕೊಂದು ಡಿಕ್ಕಿ ಹೊಡೆಯದ ಹಾಗೆ. ಎಲ್ಲ ವಾದ್ಯಕ್ಕೂ ಯಾವ ಕ್ಷಣದಲ್ಲಿ ಯಾವ ಸ್ವರ ಎಂಬುದನ್ನು ಆತ ಕೈಯಾರೆ ಕಾಗದದ ಮೇಲೆ ಬರೆದು ಕೊಡುತ್ತಾರೆ. ವಾದ್ಯಗಾರರು ಅದನ್ನು ತಮ್ಮ ತಮ್ಮ ಹಾಳೆಗೆ ಇಳಿಸಿಕೊಂಡು ನುಡಿಸುತ್ತಾರೆ.

ಮೊದಲ ಸಲ ಕೇಳುವಾಗ ಇದೆಲ್ಲ ನಮಗೆ ಎಲ್ಲಿ ಸಿಗುತ್ತದೆ? ಸಿಗುವುದು ಗಾಯಕರ ದನಿ ಮತ್ತು ಪಲ್ಲವಿಯ ಮೊದಲ ಸಾಲು. ಅಷ್ಟೇ. ಮೂರನೆಯ ಸಲಕ್ಕೆ ಕೊಳಲು ಸಿಗುತ್ತದೆ. ಐದನೆಯ ಸಲಕ್ಕೆ ಬೇಸ್ ಗಿಟಾರ್. ಏಳೋ ಎಂಟೋ ಆದ ಮೇಲೆ ಒಂದು ದಿನ ಪಾತ್ರೆ ತೊಳೆಯುತ್ತಾ ಇರುತ್ತೀರಿ, ಆ ಎರಡನೆಯ ತುಂಡು ತಾನಾಗಿ ಬಾಯಿಗೆ ಬರುತ್ತದೆ. ಮಾವಿನಕಾಯಿ ಉಪ್ಪಿನಕಾಯಿ ಹಾಕಿದ ಸಂಜೆಯೇ ಜಾಡಿಯ ಬಟ್ಟೆ ಬಿಚ್ಚಿ, ನೆಕ್ಕಿ ನೋಡಿ, ಕಹಿ ಎಂದರೆ ನಮ್ಮಜ್ಜಿ ಏನು ಮಾಡುತ್ತಿದ್ದಳು? ಕೈಗೆ ಸೌಟು ತೆಗೆದುಕೊಳ್ಳುತ್ತಿದ್ದಳು.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಈ ಬಗೆಯ ಹಾಡಿನಲ್ಲಿ ಪದರಗಳಿವೆ. ಒಂದು ಸಲಕ್ಕೆ ಒಂದು ಪದರ ಬಿಚ್ಚುತ್ತದೆ. ಹಾಗಾದರೆ ಮೊದಲೆಲ್ಲ ಜನ ತಾಳ್ಮೆಯಿಂದ ಹತ್ತು ಸಲ ಕೇಳುತ್ತಿದ್ದರೇ? ನಾವೆಲ್ಲ ಅಷ್ಟು ಒಳ್ಳೆಯವರಾಗಿದ್ದೆವೇ?

ಖಂಡಿತ ಇಲ್ಲ. ನಮಗೆ ಬೇರೆ ದಾರಿ ಇರಲಿಲ್ಲ.

ನಾನು ಬೆಳೆದದ್ದು ಬಂಗಾರಪೇಟೆ ಕಡೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಕೆ.ಜಿ.ಎಫ್. ಬಸ್ಸು ಹತ್ತಿದರೆ ತಮಿಳು. ಮನೆಯಲ್ಲಿ ಒಂದೇ ರೇಡಿಯೊ. ಅದು ಗೂಡಿನ ಮೇಲೆ, ನಮ್ಮ ಕೈಗೆ ಎಟುಕದ ಎತ್ತರದಲ್ಲಿ. ಕಿವಿ ಹಿಂಡುವ ಅಧಿಕಾರ ಅಪ್ಪನಿಗೆ ಮಾತ್ರ, ರೇಡಿಯೊದ್ದೂ ನಮ್ಮದೂ. ಹಾಡು ನಮಗೆ ಬೇಕಾದಾಗ ಬರುತ್ತಿರಲಿಲ್ಲ. ತಾನು ಬರಬೇಕಾದಾಗ ಬರುತ್ತಿತ್ತು. ಹಿಡಿಸದ ಹಾಡನ್ನು ದಾಟಿಸಿ ಮುಂದೆ ಹೋಗುವ ಗುಂಡಿ ಆ ಪೆಟ್ಟಿಗೆಗೆ ಇರಲಿಲ್ಲ. ಕೋರಿಕೆಯ ಚಿತ್ರಗೀತೆಗಳ ಕಾರ್ಯಕ್ರಮ ನೆನಪಿದೆಯಲ್ಲ? 15 ಪೈಸೆಯ ಕಾರ್ಡಿನಲ್ಲಿ ಬರೆದು ಕಳಿಸಿದವರ ಹೆಸರುಗಳು ಹಾಡಿಗಿಂತ ಉದ್ದ ಇರುತ್ತಿದ್ದವು. ಮುಳಬಾಗಿಲಿನಿಂದ ಇಂಥವರು, ಅವರ ಮನೆಯವರು, ಪಕ್ಕದ ಮನೆಯವರು. ಅವರೆಲ್ಲ ಕೋರಿದ ಹಾಡನ್ನು ನಾವು ವಾರಕ್ಕೆ ಮೂರು ಸಲ ಕೇಳಲೇಬೇಕಿತ್ತು. ಹೀಗೆ ಹತ್ತನೆಯ ಸಲ ನಮ್ಮ ಪ್ರಯತ್ನವಿಲ್ಲದೆ ಬಂದುಬಿಡುತ್ತಿತ್ತು.

1981ರಲ್ಲಿ ಇಳಯರಾಜರ ಸಂಗೀತದ, ಶಂಕರ್ ನಾಗ್ ಅವರ 'ಗೀತಾ' ಬಂತು. ನಮ್ಮಪ್ಪ ಶಾಲಾ ಮೇಷ್ಟ್ರು. ಅವರ ಕಿವಿ ಘಂಟಸಾಲ ಮತ್ತು ಪಿ.ಬಿ. ಶ್ರೀನಿವಾಸರ ಹತ್ತಿರ ನಿಂತುಬಿಟ್ಟಿತ್ತು. ಆ ಚಿತ್ರದ ಸಂತೋಷದ ಹಾಡಿದೆಯಲ್ಲ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಹಾಡಿದ್ದು, ಇವತ್ತಿಗೂ ಕನ್ನಡಿಗರು ಸೇರಿದ ಕಡೆಯೆಲ್ಲ ಹಾಕುತ್ತಾರಲ್ಲ, ಅದು ಮೊದಲ ಸಲ ರೇಡಿಯೊದಲ್ಲಿ ಬಂದಾಗ ಅಪ್ಪ ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ. "ಇದೇನು ಹಾಡೋ, ತಗಡಿನ ಅಂಗಡಿಗೆ ಬೆಂಕಿ ಬಿದ್ದಿದ್ದೋ?" ಎಂದರು. ಎದ್ದು ಹೋಗಿ ನಿಲ್ಲಿಸಬಹುದಿತ್ತು. ಆದರೆ ಹಿಂದೆಯೇ ವಾರ್ತೆ ಬರುವುದಿತ್ತು. ವಾರ್ತೆಗಾಗಿ ಆ ಹಾಡನ್ನು ಸಹಿಸಿಕೊಂಡರು. ಹಾಗೆ ಎಷ್ಟು ಸಲ ಸಹಿಸಿಕೊಂಡರೋ. ಆರೇಳು ತಿಂಗಳಾದ ಮೇಲೆ ಒಂದು ಭಾನುವಾರ. ಅಪ್ಪ ಅಂಗಳದಲ್ಲಿ ಸೈಕಲ್ ಬೋರಲು ಹಾಕಿ ಚೈನಿಗೆ ಎಣ್ಣೆ ಬಿಡುತ್ತಿದ್ದರು. ಬಾಯಲ್ಲಿ ಸಣ್ಣಗೆ ಸಿಳ್ಳೆ. ಅದೇ ಹಾಡು. "ಅಪ್ಪಾ, ತಗಡಿನ ಅಂಗಡಿ" ಎಂದೆ. ಸಿಳ್ಳೆ ನಿಂತಿತು. "ಯಾವುದು? ನಾನೆಲ್ಲಿ?" ಎಂದರು. ಎಣ್ಣೆಯ ಕೈಯಲ್ಲೇ ನನ್ನ ಕಡೆ ತಿರುಗಿದರು. ನಾನು ಓಡಿದೆ.

ನಾನು ಹೇಳುತ್ತಿರುವುದು, ಹತ್ತನೆಯ ಸಲ ಆಗ ತಾನಾಗಿ ಬರುತ್ತಿತ್ತು ಎಂದು. ಅದಕ್ಕಿಂತ ಸೋಜಿಗದ ಮಾತು ಒಂದಿದೆ. ನಮಗೆ ಹತ್ತನೆಯ ಸಲವಾದದ್ದು ಇನ್ನೊಬ್ಬರಿಗೆ ಮೊದಲ ಸಲ ಆಗಿರಬಹುದು.

ಅದೇ 'ಗೀತಾ' ಚಿತ್ರದಲ್ಲಿ ಒಂದು ಯುಗಳಗೀತೆಯೂ ಇದೆ. 'ಜೊತೆಯಲಿ' ಎಂದು ಶುರುವಾಗುವುದು. ಬಾಲಸುಬ್ರಹ್ಮಣ್ಯಂ ಮತ್ತು ಎಸ್. ಜಾನಕಿ. 1984ರಲ್ಲಿ 'ನೂರಾವದು ನಾಳ್' ಎಂಬ ತಮಿಳು ಚಿತ್ರಕ್ಕೆ ಇಳಯರಾಜರು ಅದೇ ಟ್ಯೂನ್ ಕೊಟ್ಟರು. ಆಮೇಲೆ 2007ರಲ್ಲಿ ಬಾಲ್ಕಿಯವರ ಹಿಂದಿ ಚಿತ್ರ 'ಚೀನಿ ಕಂ' ಬಂತು. ಅಮಿತಾಭ್ ಬಚ್ಚನ್, ತಬು. ಅದರಲ್ಲೂ ಅದೇ ಟ್ಯೂನ್, ಬೇರೆ ಉಡುಪಿನಲ್ಲಿ. ಆಗ ನಾನು ಕೆಲಸದ ಮೇಲೆ ಉತ್ತರದ ಕಡೆ ಹೋಗಿದ್ದೆ. ಅಲ್ಲಿನ ಒಬ್ಬ ಸಹೋದ್ಯೋಗಿ ಹೆಡ್‌ಫೋನ್ ನನ್ನ ಕಿವಿಗೆ ಹಾಕಿ, ಎಂಥ ಹೊಸ ಹಾಡು ಬಂದಿದೆ ಕೇಳಿ ಎಂದರು. ಇದು ನಮ್ಮ ಹಾಡು, ಇಪ್ಪತ್ತಾರು ವರ್ಷದ ಹಿಂದಿನದು ಎಂದೆ. ಅವರು ನಂಬಲಿಲ್ಲ. ನಾನು ಹಾಡಿ ತೋರಿಸಿದೆ. ಆಮೇಲಂತೂ ಇನ್ನೂ ನಂಬಲಿಲ್ಲ.

ಆಗ ಕೆಲವು ಅಭಿಮಾನಿಗಳು ಸಿಡುಕಿದ್ದುಂಟು. ಹಳೆಯದನ್ನೇ ಮತ್ತೆ ಬಡಿಸುತ್ತಾರಲ್ಲ, ಹೊಸದು ಬತ್ತಿಹೋಯಿತೇ ಎಂದು. ನನಗೆ ಹಾಗನ್ನಿಸಲಿಲ್ಲ. ಹಿಂದಿಯವರಿಗೆ ಅದು ಆವತ್ತೇ ಹುಟ್ಟಿದ ಹಾಡು. ನಮಗೆ ಮಾತ್ರ ಅದು ಪ್ರೌಢಶಾಲೆಯ ಬೆಂಚು, ಕೆ.ಜಿ.ಎಫ್. ಬಸ್ಸಿನ ಹಿಂದಿನ ಸೀಟು. ಇಂಥದ್ದೇ ಇಳಯರಾಜರ ಇನ್ನೊಂದು ಟ್ಯೂನ್ ಇದೆ. ಮಣಿರತ್ನಂ ಅವರ ಮೊದಲ ಚಿತ್ರ 'ಪಲ್ಲವಿ ಅನುಪಲ್ಲವಿ', 1983ರದ್ದು, ಕನ್ನಡದ್ದು. ಅದರ ತಂತಿವಾದ್ಯದ ಟ್ಯೂನನ್ನು ಇಪ್ಪತ್ತು ವರ್ಷ ದಾಟಿದ ಮೇಲೆ ಐಡಿಯಾ ಮೊಬೈಲ್ ಕಂಪನಿಯವರು ಜಾಹೀರಾತಿಗೆ ಹಾಕಿಕೊಂಡರು. ದೇಶಕ್ಕೆ ದೇಶವೇ ಅದನ್ನು ಫೋನ್ ಕಂಪನಿಯ ಟ್ಯೂನ್ ಎಂದು ಗುನುಗಿತು. ಅವರಿಗೆ ಅದು ಎಲ್ಲಿಂದ ಬಂದದ್ದೆಂಬುದೇ ತಿಳಿಯದು. ನಮ್ಮ ಮನೆಯಲ್ಲಿ ಟಿ.ವಿ.ಯಲ್ಲಿ ಆ ಜಾಹೀರಾತು ಬಂದಾಗಲೆಲ್ಲ ನನ್ನ ಹೆಂಡತಿ ಅಡುಗೆಮನೆಯಿಂದ ಹೊರಗೆ ಬಂದು ನಿಂತು ಕೇಳಿ ಒಳಗೆ ಹೋಗುತ್ತಿದ್ದಳು. ಫೋನ್ ಮಾತ್ರ ಬೇರೆ ಕಂಪನಿಯದ್ದೇ.

ಇನ್ನೂ ಹಿಂದಕ್ಕೆ ಹೋಗಬಹುದು. 1976ರ ತಮಿಳು ಚಿತ್ರ 'ಅನ್ನಕ್ಕಿಳಿ'ಯಿಂದ ಇಳಯರಾಜ ಎಂಬ ಹೆಸರು ಹೊರಗೆ ಬಂತು. ಅದಕ್ಕೂ ಮೊದಲು ಅವರು ನಮ್ಮ ಜಿ.ಕೆ. ವೆಂಕಟೇಶ್ ಅವರ ಸಹಾಯಕರು. ವೆಂಕಟೇಶ್ ಅಂದರೆ ರಾಜಕುಮಾರ್ ಚಿತ್ರಗಳು. ಆ ಧ್ವನಿಮುದ್ರಣಗಳಲ್ಲಿ ಗಿಟಾರ್ ಹಿಡಿದು, ಸ್ವರಲಿಪಿ ಬರೆದು, ವಾದ್ಯಗಾರರನ್ನು ಕೂರಿಸಿ ಕೆಲಸ ಮಾಡಿದ ಹುಡುಗ ಈತ. ಹಾಗಾಗಿ ಕನ್ನಡ ಕಿವಿಗೆ ಇಳಯರಾಜರ ಮೊದಲ ಸಲ ಯಾವುದು ಎಂದು ಹೇಳುವುದೇ ಕಷ್ಟ. ಹೆಸರು ಗೊತ್ತಾಗುವ ಮೊದಲೇ ನಾವು ಆ ಕೈಯನ್ನು ಕೇಳಿದ್ದೆವು. 1981ರ 'ನೀ ನನ್ನ ಗೆಲ್ಲಲಾರೆ' ಚಿತ್ರದಲ್ಲಿ ರಾಜಕುಮಾರ್ ಅವರೇ ಇಳಯರಾಜರ ಸಂಗೀತಕ್ಕೆ ಹಾಡಿದಾಗ ಅದು ಹೊಸಬರ ಹಾಡು ಎಂದು ಇಲ್ಲಿ ಯಾರಿಗೂ ಅನ್ನಿಸಲಿಲ್ಲ. ಅನ್ನಿಸದಿರಲು ಆ ಹಳೆಯ ಪರಿಚಯವೂ ಒಂದು ಕಾರಣವಿರಬೇಕು.

ಸರಿ. ಮೊದಲ ಸಲದ ತೀರ್ಪನ್ನು ನಂಬಬೇಡಿ ಎಂದೆ. ರೇಡಿಯೊ ನಮಗೆ ಹತ್ತನೆಯ ಸಲವನ್ನು ಬಲವಂತವಾಗಿ ಕೊಡುತ್ತಿತ್ತು ಎಂದೆ. ಒಬ್ಬರ ಹಳೆಯದು ಇನ್ನೊಬ್ಬರ ಹೊಸದು ಎಂದೆ. ಇಷ್ಟೆಲ್ಲ ಬುದ್ಧಿ ಹೇಳುವ ನಾನು ಏನು ಮಾಡಿದೆ ಎಂಬುದನ್ನೂ ಹೇಳಬೇಕಲ್ಲ. ಹೇಳುತ್ತೇನೆ.

2012. ಗೌತಮ್ ಮೆನನ್ ಅವರ 'ನೀದಾನೇ ಎನ್ ಪೊನ್‌ವಸಂತಂ'. ಆ ಹೆಸರೇ ಇಳಯರಾಜರ ಹಳೆಯ ಹಾಡೊಂದರಿಂದ ಬಂದದ್ದು, 1982ರ 'ನಿನೈವೆಲ್ಲಾಂ ನಿತ್ಯಾ' ಚಿತ್ರದ್ದು. ಸೆಪ್ಟೆಂಬರ್ 1ರಂದು ಚೆನ್ನೈನ ನೆಹರೂ ಒಳಾಂಗಣ ಕ್ರೀಡಾಂಗಣದಲ್ಲಿ ಹಾಡುಗಳ ಬಿಡುಗಡೆ. ಎಂಟು ಹಾಡು. ವಿದೇಶದ ವಾದ್ಯಗಾರರು. ಅದಕ್ಕೂ ಮೊದಲು ಆ ನಿರ್ದೇಶಕರ ಚಿತ್ರಗಳಿಗೆ ಹ್ಯಾರಿಸ್ ಜಯರಾಜ್, ರೆಹಮಾನ್ ಸಂಗೀತ ಕೊಟ್ಟಿದ್ದರು. ಈಗ ಮೊದಲ ಸಲ ರಾಜಾ. ಅಭಿಮಾನಿಗಳು ತಿಂಗಳುಗಟ್ಟಲೆ ಕಾದಿದ್ದರು. ನಾನೂ ಕಾದಿದ್ದೆ.

ಹಾಡು ಬಂತು. ಜಗಳವೂ ಬಂತು. ಮೂವತ್ತು ವರ್ಷ ಹಿಂದಕ್ಕೆ ಹೋದ ಹಾಗಾಯಿತು ಎಂದು ಕೆಲವರು. ಮೂವತ್ತು ವರ್ಷ ಹಿಂದೆ ಹೀಗಿರಲಿಲ್ಲ ಎಂದು ಇನ್ನು ಕೆಲವರು. ಮಗ ಯುವನ್ ಶಂಕರ್ ರಾಜಾಗೆ ಅಷ್ಟು ಹಾಡು ಏಕೆ ಕೊಟ್ಟರು ಎಂದು ಒಂದು ಗುಂಪು. ಆ ದನಿಯ ಒರಟುತನವೇ ಚಿತ್ರದ ನಾಯಕನ ಪಾತ್ರಕ್ಕೆ ಬೇಕಿದ್ದದ್ದು ಎಂದು ಇನ್ನೊಂದು. ತಬಲಾ ಎಲ್ಲಿ, ಕೊಳಲು ಎಲ್ಲಿ, ನಮ್ಮ ರಾಜಾ ಎಲ್ಲಿ ಎಂದು ಹಲುಬಿದವರೂ ಇದ್ದರು. ನಾನು ಆ ಕೊನೆಯ ಗುಂಪಿನವನು. ಸಿ.ಡಿ. ಕೊಂಡು ತಂದೆ. ಒಂದು ಸಂಜೆ ಎಂಟೂ ಹಾಡು ಕೇಳಿದೆ. ಮುಖ ಸಿಂಡರಿಸಿದೆ. ಮಾರನೆಯ ವಾರ ಅಕ್ಕನ ಮಗ ಬಂದಿದ್ದ. ಬೇಕಾದರೆ ತಗೊಂಡು ಹೋಗೋ ಎಂದು ಕೊಟ್ಟುಬಿಟ್ಟೆ.

ನಾಲ್ಕೈದು ತಿಂಗಳು ಕಳೆಯಿತು. ಚೆನ್ನೈಗೆ ರಾತ್ರಿ ಬಸ್ಸಿನಲ್ಲಿ ಹೋಗುತ್ತಿದ್ದೆ. ಕೃಷ್ಣಗಿರಿ ಟೋಲ್ ಹತ್ತಿರ ಮುಂದೆಲ್ಲೋ ಲಾರಿ ಅಡ್ಡ ಬಿದ್ದು ಸಾಲು ನಿಂತಿತ್ತು. ಮುಂದಿನ ಸೀಟು ನನ್ನದು. ಡ್ರೈವರ್ ತಮಿಳಿನವನು, ಇಪ್ಪತ್ತೈದರ ಹುಡುಗ. ಇಂಜಿನ್ ಆರಿಸಿದ. ಹಾಡು ಹಾಕಿದ. 'ಕಾಟ್ರೈ ಕೊಂಜಂ', ಅದೇ ಸಿ.ಡಿ.ಯ ಹಾಡು. ಕಾರ್ತಿಕ್ ಹಾಡಿದ್ದು. ಮುಗಿಯಿತು. ಮತ್ತೆ ಅದನ್ನೇ ಹಾಕಿದ. ಮತ್ತೆ ಮುಗಿಯಿತು. ಮತ್ತೆ ಅದೇ. ಬೇರೆ ಹಾಡಿಲ್ಲವೇನಪ್ಪಾ ಎಂದು ನನ್ನ ಮುರುಕು ತಮಿಳಿನಲ್ಲಿ ಕೇಳಿದೆ. ಅವನು ತಿರುಗಿಯೂ ನೋಡಲಿಲ್ಲ. "ಇರುಕ್ಕು ಸಾರ್" ಎಂದ. ಇದೆ ಸಾರ್. ಆದರೆ ಬದಲಾಯಿಸಲಿಲ್ಲ.

ನಾಲ್ಕನೆಯ ಸಲಕ್ಕೆ ನನಗೆ ಆ ಹಾಡಿನ ಕೆಳಗೆ ಏನೋ ನಡೆಯುತ್ತಿದೆ ಅನ್ನಿಸಿತು. ಮೇಲೆ ಮಾತು ಸಲೀಸಾಗಿ ಹೋಗುತ್ತಿದೆ. ಕೆಳಗೆ ತಂತಿವಾದ್ಯಗಳು ಅದಕ್ಕೆ ಉತ್ತರ ಕೊಡುತ್ತಿವೆ, ಆದರೆ ಒಂದು ಹೆಜ್ಜೆ ತಡವಾಗಿ, ಸಂಕೋಚದ ಮನುಷ್ಯ ಮಾತಾಡಿದ ಹಾಗೆ. ಕಿಟಕಿಯ ಹೊರಗೆ ಕತ್ತಲು, ಲಾರಿಗಳ ಕೆಂಪು ದೀಪ, ಯಾರೋ ಕಡಲೆ ಮಾರುತ್ತಾ ಹೋದ. ಐದನೆಯ ಸಲ ನಾನೇ ಕಾಯುತ್ತಿದ್ದೆ. ಅಷ್ಟರಲ್ಲಿ ಸಾಲು ಕದಲಿತು. ಹುಡುಗ ಹಾಡು ನಿಲ್ಲಿಸಿ ಇಂಜಿನ್ ಹಾಕಿದ.

ಊರಿಗೆ ಬಂದ ಮೇಲೆ ಅಕ್ಕನ ಮಗನಿಗೆ ಫೋನ್ ಮಾಡಿದೆ. ಅದೂ ಇದೂ ಮಾತಾಡಿದೆ. ಓದು ಹೇಗಿದೆ ಎಂದೆ. ಸಿ.ಡಿ. ವಾಪಸ್ ಕೊಡು ಎನ್ನಲು ಬಾಯಿ ಬರಲಿಲ್ಲ. ಅಂಗಡಿಗೆ ಹೋಗಿ ಇನ್ನೊಂದು ಕೊಂಡೆ.

ಈ ಕತೆಯಲ್ಲಿ ನನ್ನ ತಪ್ಪು ಏನು? ನಾನು ಕೇಳಿದ್ದು ಇದ್ದ ಹಾಡನ್ನಲ್ಲ. ಇಲ್ಲದ್ದನ್ನು ಹುಡುಕುತ್ತಾ ಕೂತಿದ್ದೆ. ತಬಲಾ ಇಲ್ಲ, ಕೊಳಲು ಇಲ್ಲ ಎಂದು ಪಟ್ಟಿ ಮಾಡುತ್ತಿದ್ದೆ. ಅಭಿಮಾನಿಯ ಕಷ್ಟವೇ ಇದು. ಹೊಸಬರ ಹಾಡನ್ನು ಖಾಲಿ ಕಿವಿಯಿಂದ ಕೇಳುತ್ತಾನೆ. ತನ್ನವರ ಹಾಡನ್ನು ತುಂಬಿದ ಕಿವಿಯಿಂದ ಕೇಳುತ್ತಾನೆ.

ನನ್ನ ಹಳೆಯ ಕೆಲಸದ ಕಡೆಯ ಆ ಹುಡುಗ ಹೇಳಿದನಲ್ಲ, ರಾಜಾ ಸಾರ್ ವಾಪಸ್ ಬಂದರು ಎಂದು, ಅದರ ಬೇರೂ ಇಲ್ಲೇ ಇದೆ. ಈ ಮಾತನ್ನು ನಾನು ಎಷ್ಟು ಚಿತ್ರಗಳಿಗೆ ಕೇಳಿದ್ದೇನೆ! 2007ರಲ್ಲಿ ಕನ್ನಡದ 'ಆ ದಿನಗಳು' ಬಂದಾಗ ಕೇಳಿದೆ. 2012ರಲ್ಲಿ ಕೇಳಿದೆ. 2023ರಲ್ಲಿ 'ವಿಡುದಲೈ' ಮೊದಲ ಭಾಗಕ್ಕೆ ಕೇಳಿದೆ. ಎಲ್ಲಿಗೂ ಹೋಗದ ಮನುಷ್ಯ ಎಷ್ಟು ಸಲ ವಾಪಸ್ ಬರಬೇಕು? ಬೆಳಿಗ್ಗೆ ಎದ್ದು ಸ್ಟುಡಿಯೊಗೆ ಹೋಗುತ್ತಾರೆ, ಬರೆಯುತ್ತಾರೆ. ಅರ್ಧ ಶತಮಾನದಿಂದ ಅದೇ ಕೆಲಸ. ಹೋಗಿ ಬರುತ್ತಿರುವವರು ನಾವು.

ಒಂದು ಮಾತು ಒಪ್ಪಿಕೊಳ್ಳಬೇಕು. ಅಭಿಮಾನಿಗಳ ದೂರು ಪೂರ್ತಿ ಸುಳ್ಳಲ್ಲ. ಮೊದಲೆಲ್ಲ ಧ್ವನಿಮುದ್ರಣ ಹೇಗಿತ್ತು? ಒಂದೇ ದೊಡ್ಡ ಹಾಲ್. ನಲವತ್ತು ಐವತ್ತು ವಾದ್ಯಗಾರರು. ಗಾಜಿನ ಕೋಣೆಯೊಳಗೆ ಗಾಯಕರು. ಎಲ್ಲರೂ ಒಟ್ಟಿಗೆ. ಒಬ್ಬ ಪಿಟೀಲಿನವನ ಬೆರಳು ಜಾರಿದರೆ ಎಲ್ಲರೂ ಮೊದಲಿನಿಂದ. ಆ ಭಯ, ಆ ಒಗ್ಗಟ್ಟಿನ ಉಸಿರು ಹಾಡಿನಲ್ಲಿ ಇಳಿಯುತ್ತಿತ್ತು. ಆಮೇಲೆ ಒಬ್ಬೊಬ್ಬರನ್ನೇ ಕರೆದು ಬೇರೆ ಬೇರೆ ಮುದ್ರಿಸುವ ಕಾಲ ಬಂತು. ಕೀಬೋರ್ಡ್ ಬಂತು. ಯಂತ್ರದ ತಾಳ ಬಂತು. ಬಹಳ ವರ್ಷಗಳ ಕಾಲ ರಾಜಾ ಹಾಡುಗಳಲ್ಲಿ ಆ ಯಂತ್ರದ ತಾಳ ಕಿವಿಗೆ ಚುಚ್ಚಿದ್ದು ನಿಜ. ನನಗೂ ಚುಚ್ಚಿದೆ. ಹತ್ತು ಸಲವಲ್ಲ, ಐವತ್ತು ಸಲ ಕೇಳಿದರೂ ಮೇಲೇಳದ ಹಾಡುಗಳು ಅವರಲ್ಲೂ ಇವೆ. ಏಳು ಸಾವಿರ ಹಾಡು ಕಟ್ಟಿದವರಲ್ಲಿ ಇರದೆ ಇರುತ್ತವೆಯೇ? ನನ್ನ ಹತ್ತಿರ ಪಟ್ಟಿಯೇ ಇದೆ. ಬಾನುಲಿಯಲ್ಲಿ ಓದುವುದಿಲ್ಲ.

ಇಲ್ಲಿ ನಿಮಗೊಂದು ಅನುಮಾನ ಬಂದಿರಬೇಕು. ನನಗೂ ಇದೆ. ಹತ್ತು ಸಲ ಕೇಳಿದರೆ ಹಾಡು ಹಿಡಿಸುತ್ತದೆ ಎನ್ನುತ್ತಿದ್ದೇನೆ. ಹಾಗಾದರೆ ಸೋಪಿನ ಜಾಹೀರಾತೂ ಹತ್ತು ಸಲ ಕೇಳಿದರೆ ಬಾಯಿಗೆ ಬರುತ್ತದೆ. ಅದು ರುಚಿಯೋ, ಬರೀ ರೂಢಿಯೋ?

ಇದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಒಂದು ಕ್ಯಾಸೆಟ್ಟಿದೆ.

ಬೆಂಗಳೂರಿಗೆ ಕೆಲಸಕ್ಕೆ ಬಂದ ಹೊಸದು. ಮೆಜೆಸ್ಟಿಕ್ ಹತ್ತಿರ ಒಂದು ಸಣ್ಣ ಅಂಗಡಿ. ಹಾಡಿನ ಪಟ್ಟಿ ಬರೆದು, ಖಾಲಿ ಕ್ಯಾಸೆಟ್ ಕೊಟ್ಟರೆ ತುಂಬಿಸಿಕೊಡುತ್ತಿದ್ದರು. ನಾನು ತೊಂಬತ್ತು ನಿಮಿಷದ್ದು ಕೊಟ್ಟೆ. ಒಂದು ಕಡೆಗೆ ನಲವತ್ತೈದು. ಒಂದು ಕಡೆಗೆ ಹತ್ತು ಹಾಡು ಎಂದು ಲೆಕ್ಕ ಹಾಕಿದೆ. ಲೆಕ್ಕ ಚೂರು ತಪ್ಪಿತು. 'ಎ' ಬದಿಯ ಕೊನೆಯ ಹಾಡಿನ ಎರಡನೆಯ ಚರಣ ನಡೆಯುತ್ತಿದೆ, ಜಾನಕಿಯಮ್ಮ ಮೇಲಿನ ಸ್ವರಕ್ಕೆ ಕೈ ಚಾಚಿದ್ದಾರೆ, ಟಕ್. ಕ್ಯಾಸೆಟ್ ಮುಗಿಯಿತು. ಹದಿನೈದು ವರ್ಷ ನಾನು ಆ ಹಾಡನ್ನು ಹಾಗೆಯೇ ಕೇಳಿದೆ. ಈಗ ಪೂರ್ತಿ ಹಾಡು ಕೈಯಲ್ಲೇ ಇದೆ. ಕೇಳುತ್ತೇನೆ. ಆ ಜಾಗ ಹತ್ತಿರ ಬಂದ ಹಾಗೆ ಕಿವಿ ಆ ಟಕ್ ಸದ್ದಿಗೆ ಕಾಯುತ್ತದೆ. ಅದು ಬರುವುದಿಲ್ಲ. ಜಾನಕಿಯಮ್ಮ ಆ ಸ್ವರ ಮುಟ್ಟಿ, ಅಲ್ಲಿ ಒಂದು ಗಳಿಗೆ ನಿಂತು, ಇಳಿದು ಬರುತ್ತಾರೆ. ಎಷ್ಟು ಚೆನ್ನಾಗಿ ಇಳಿಯುತ್ತಾರೆ! ಆದರೂ ನಿಜ ಹೇಳುತ್ತೇನೆ, ನನಗೆ ಏನೋ ಕಳೆದುಹೋದ ಹಾಗಾಗುತ್ತದೆ. ಟಕ್ ಎಂಬ ಸದ್ದಿಗೂ ನಾನು ಒಗ್ಗಿಹೋಗಿದ್ದೇನೆ.

ಅಂದರೆ ರೂಢಿಗೆ ಅಷ್ಟು ಬಲವಿದೆ. ದೋಷವನ್ನೂ ಅದು ಪ್ರೀತಿಯಾಗಿಸಿಬಿಡುತ್ತದೆ. ಆದರೆ ಒಂದು ಸಣ್ಣ ವ್ಯತ್ಯಾಸ ನನಗೆ ಕಂಡಿದೆ. ಸೋಪಿನ ಹಾಡು ಹತ್ತನೆಯ ಸಲವೂ ಮೊದಲ ಸಲ ಕೊಟ್ಟದ್ದನ್ನೇ ಕೊಡುತ್ತದೆ. ಆ ಟಕ್ ಸದ್ದೂ ಅಷ್ಟೇ, ಹದಿನೈದು ವರ್ಷವೂ ಅದೇ ಟಕ್. ಕೃಷ್ಣಗಿರಿಯ ಆ ರಾತ್ರಿ ನಾಲ್ಕನೆಯ ಸಲ ಸಿಕ್ಕಿದ್ದು ಮೊದಲ ಸಲ ಸಿಕ್ಕಿರಲಿಲ್ಲ. ಅದು ಹಾಡಿನಲ್ಲಿ ಇತ್ತು. ನಾನು ಬಂದಿರಲಿಲ್ಲ.

ಹತ್ತು ಸಲಕ್ಕಿಂತ ಎಷ್ಟೋ ಮುಂದೆ ಹೋದವರನ್ನೂ ನಾನು ಕಂಡದ್ದುಂಟು. ಮೈಸೂರಿನ ಯುವ ದಸರಾಕ್ಕೆ 2024ರ ಅಕ್ಟೋಬರ್‌ನಲ್ಲಿ ಇಳಯರಾಜರು ಬಂದಿದ್ದರು. ಉತ್ತನಹಳ್ಳಿಯ ಬಯಲಿನಲ್ಲಿ ಕಾರ್ಯಕ್ರಮ. ಅವರ ಕಛೇರಿ ನೋಡಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ವೇದಿಕೆಯ ಮೇಲೆ ಯಾರಾದರೂ ತಪ್ಪಿದರೆ ಅವರು ಹಾಡನ್ನೇ ನಿಲ್ಲಿಸಿಬಿಡುತ್ತಾರೆ. ಮತ್ತೆ ಮೊದಲಿನಿಂದ. ಸಾವಿರಾರು ಜನ ಎದುರಿಗೆ ಕೂತಿದ್ದರೂ ಸರಿ. ಜನಕ್ಕೆ ಬೇಸರವಾಗುವುದಿಲ್ಲ, ಚಪ್ಪಾಳೆ ಹೊಡೆಯುತ್ತಾರೆ. ಇಂಥ ಒಂದು ಕಛೇರಿಯಲ್ಲಿ ನನ್ನ ಪಕ್ಕ ಕೂತವರೊಬ್ಬರು ಸಾಹಿತ್ಯ ಹಾಡುತ್ತಲೇ ಇರಲಿಲ್ಲ. ಪಿಟೀಲಿನ ತುಂಡುಗಳನ್ನು ಮಾತ್ರ ಬಾಯಲ್ಲಿ ನುಡಿಸುತ್ತಿದ್ದರು. ಗಾಯಕರು ಶುರು ಮಾಡಿದ ಕೂಡಲೇ ಸುಮ್ಮನಾಗುತ್ತಿದ್ದರು. ತಮ್ಮ ಪಾಳಿ ಮುಗಿಯಿತು ಎಂಬ ಹಾಗೆ ಕೈಕಟ್ಟಿ ಕೂರುತ್ತಿದ್ದರು. ಎಷ್ಟನೆಯ ಸಲದ ಕೇಳುವಿಕೆ ಇರಬಹುದು ಅದು?

ಇನ್ನು ಎರಡು ನಿಮಿಷ ಇದೆ ಎಂದು ಒಳಗಿನಿಂದ ಕೈ ತೋರಿಸುತ್ತಿದ್ದಾರೆ. ನಾನು ಶುರು ಮಾಡಿದ್ದು ಮೂರು ಜನರಿಂದ. ಒಬ್ಬ ಬೈದ, ಒಬ್ಬಳು ಮೆಚ್ಚಿದಳು, ಒಬ್ಬ ಕುಣಿದ. ಆ ಮೂವರ ಈಗಿನ ಸುದ್ದಿ ಹೇಳಬೇಕಲ್ಲ.

ಮಗಳಿಗೆ ಆ ಹಾಡು ಸಾಕಾಗಿದೆ. ಬೇರೆ ಯಾವುದೋ ಬಂದಿದೆಯಂತೆ. ಆ ಹುಡುಗನನ್ನು ಮೊನ್ನೆ ಕೇಳಿದೆ. ಯಾವ ಹಾಡು ಸಾರ್ ಎಂದ.

ನನ್ನ ಗೆಳೆಯ ನಿನ್ನೆ ಸಂಜೆ ಮನೆಗೆ ಬಂದಿದ್ದ. ರೇಡಿಯೊದಲ್ಲಿ ಮಾತಾಡುತ್ತೇನೆ ಎಂದು ಹೇಳಿದೆ. ವಿಷಯ ಏನೆಂದು ಕೇಳಿದ. ಹೇಳಿದೆ. ಕಾಫಿ ಲೋಟ ಕೆಳಗಿಟ್ಟ. ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಹತ್ತು ಸಲವೇ? ಇಪ್ಪತ್ತು ಸಲ ಕೇಳಿದೀನಿ ಕಣೋ. ಬೆಳಿಗ್ಗೆ ವಾಕಿಂಗಿಗೆ ಹೋಗುವಾಗ ದಿನಾ ಕೇಳ್ತೀನಿ. ಇವತ್ತೂ ಕೇಳಿದೆ. ಆ ಮನುಷ್ಯನ ಗಂಟಲು ಇನ್ನೂ ಹಿಡಿಸಿಲ್ಲ."